ಮೊದಲೇ ಹೊರಟ ಬ್ಯಾಗು

ಶನಿವಾರ ನೈನಿತಾಲಿಗೆ ಹೊರಡುವ ಹೊತ್ತಿಗೆ ರಾಹುಕಾಲವೆಂದು ನಮ್ಮತ್ತೆ ಶುಕ್ರವಾರ ಸಂಜೆಯೇ ಪ್ರಸ್ಥಾನ ಇಡಿಸಿದರು. ಒಳ್ಳೆಯ ಗಳಿಗೆಯಲ್ಲಿ ನಮ್ಮ ಸಾಮಾನು ಬೇರೆಯವರ ಮನೆಯಲ್ಲಿ ಕೂತರೆ ನಾವೂ ಆಗಲೇ ಹೊರಟ ಲೆಕ್ಕ. ದೆಹಲಿ ಪಕ್ಕದ ಇಂದಿರಾಪುರಂನ ಹನ್ನೊಂದನೇ ಮಹಡಿಯಲ್ಲಿ ಬೇರೆಯವರೆಂದರೆ ಎದುರು ಫ್ಲಾಟಿನ ಆಂಟಿ. ಅವರು ನಮ್ಮೆಲ್ಲರ ಬಟ್ಟೆ ತುಂಬಿದ ದೊಡ್ಡ ಬ್ಯಾಗನ್ನು ಒಳಗಿಟ್ಟು, ಬೆಳಿಗ್ಗೆ ಬರುತ್ತೇನೆಂದು ಬೀಗ ಹಾಕಿ ಗುರುಗ್ರಾಮದ ಮಗಳ ಮನೆಗೆ ಹೋದರು.

ಅರ್ಧ ಗಂಟೆಯಲ್ಲಿ ಧೂಳುಗಾಳಿ ಎದ್ದಿತು, ಅದರ ಬೆನ್ನಿಗೇ ಆಲಿಕಲ್ಲು ಮಳೆ. ಹೊರಡುವ ಮುಂಚೆ ಒಗೆದು ಮುಗಿಸೋಣವೆಂದು ನಾನು ಬಾಲ್ಕನಿಯಲ್ಲಿ ಹರವಿದ್ದ ಉಳಿದ ಬಟ್ಟೆಯೆಲ್ಲ ಹಾರಿಹೋಯಿತು. ಬೆಟ್ಟದ ರಸ್ತೆ ಕುಸಿದು ಪ್ರವಾಸ ನಿಂತಿತು. ಇಲ್ಲಿ ರಸ್ತೆಗಳಲ್ಲಿ ನೀರು ನಿಂತು ಆಂಟಿಯೂ ಅಲ್ಲೇ ಉಳಿದರು. ನಮ್ಮ ಮಗಳು ರಜೆಯನ್ನು ಸ್ಕೂಲ್ ಯೂನಿಫಾರಂನಲ್ಲಿ ಕಳೆದಳು. ನನ್ನ ಗಂಡ ತನ್ನ ಅಮ್ಮನ ಹಳೇ ಸೀರೆಯನ್ನು ಲುಂಗಿಯಂತೆ ಸುತ್ತಿಕೊಂಡು ಓಡಾಡಿದ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಆಂಟಿ ಬಂದು ಬೀಗ ತೆಗೆದರು. ನಾನು ಬ್ಯಾಗಿನತ್ತ ಓಡಿದೆ.

"ತಡಿಯಮ್ಮ," ಎಂದರು ಅತ್ತೆ, ನಮ್ಮ ಹೊಸ್ತಿಲಲ್ಲಿ ನಿಂತು. "ಒಂಬತ್ತರವರೆಗೂ ರಾಹುಕಾಲ. ಈಗ ಮುಟ್ಟಬೇಡ."

ಎಂಟೂವರೆಗೆ ಕ್ಯಾಬ್ ಬಂತು. ಬೀರುವಿನಲ್ಲಿ ಉಳಿದಿದ್ದ ಧಾರೆ ಸೀರೆ ಉಟ್ಟುಕೊಂಡು ಆಫೀಸಿಗೆ ಹೋದೆ.