ಎಣ್ಣೆಯಕ್ಕನ ಕೆಂಪು ಬಟ್ಟೆ

ಅವಳ ಅಜ್ಜ ಗಾಣದಜ್ಜ. ಕುರುಡು ಎತ್ತಿಗೂ ಒಂದು ಏಟು ಹಾಕದೆ ನಲವತ್ತು ವರ್ಷ ಗಾಣ ಆಡಿಸಿದವನು. ಅವನ ಮಗ ಎಣ್ಣೆಯಪ್ಪ ಹಗ್ಗದ ಕಾರ್ಖಾನೆ ಸೇರಿ, ಯಂತ್ರದ ಹಲ್ಲುಗಾಲಿಗಳಿಗೆ ಎಣ್ಣೆ ಹಾಕುತ್ತಲೇ ಮುದುಕನಾದ. ಅವನ ಕಾಲದಲ್ಲಿ ಒಬ್ಬರ ಉಗುರೂ ಕಿತ್ತು ಬರಲಿಲ್ಲ. ಕಾರಣ ಒಂದು ಕೆಂಪು ಬಟ್ಟೆ. ಯಂತ್ರದೊಳಗೆ ಕೈಯಿಡುವ ಮೊದಲು ಅದನ್ನು ಚಾಲೂ ಮಾಡುವ ಹಿಡಿಗೆ ಕಟ್ಟುತ್ತಿದ್ದ. ಕಟ್ಟಿದವರೇ ಬಿಚ್ಚಬೇಕು, ಅಲ್ಲಿಯವರೆಗೆ ಮಾಲೀಕನೂ ಹಿಡಿ ಮುಟ್ಟುವಂತಿಲ್ಲ. ಯಾರೂ ಬರೆದಿಟ್ಟ ಕಾನೂನಲ್ಲ, ಆದರೂ ಕಲ್ಲಿನ ಮೇಲಿನ ಗೆರೆ.

ಅಪ್ಪ ಸತ್ತ ಮೇಲೆ ಆ ಬಟ್ಟೆ, ಎಣ್ಣೆಯ ಡಬ್ಬಿ ಎರಡೂ ಮಗಳ ಪಾಲಿಗೆ ಬಂದವು. ಅವಳೇ ಎಣ್ಣೆಯಕ್ಕ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿ, ಅವನು ಮೀಸೆ ತಿರುವುವ ಕಾಲಕ್ಕೆ ಅದೇ ಯಂತ್ರದ ಹಿಡಿಯ ಮುಂದೆ ತಂದು ನಿಲ್ಲಿಸಿದಳು.

ಆಮೇಲೆ ಮ್ಯಾನೇಜರ್ ಆಗಿ ಮಾಲೀಕನ ಅಳಿಯ ಬಂದ. ಬಂದ ವಾರಕ್ಕೇ ಕೂರುವ ಬೆಂಚು ತೆಗೆಸಿದ, ಕುಡಿಯುವ ನೀರನ್ನು ಗೇಟಿನಾಚೆ ಇಡಿಸಿದ. ಕೆಂಪು ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನಮ್ಮ ಇದು, ಮಸಿಬಟ್ಟೆನಾ? ಇನ್ಮೇಲೆ ಇದನ್ನ ಹಿಡಿಗೆ ಕಟ್ಟೋ ಹಾಗಿಲ್ಲ. ಮಧ್ಯಾಹ್ನ ಗಂಟೆ ಹೊಡೆದ್ರೆ ಮಿಷನ್ ನಿಲ್ಸೋದು. ಅರ್ಧ ತಾಸು ಬಿಟ್ಟು ಮತ್ತೆ ಹೊಡೆದ್ರೆ ಸುರು ಮಾಡೋದು," ಎಂದ.

"ಗಂಟೆಗೆ ಕಣ್ಣಿಲ್ಲ ಸ್ವಾಮಿ. ನನ್ನ ಕೈ ಒಳಗಿದ್ಯೋ ಹೊರಗಿದ್ಯೋ ಅದಕ್ಕೇನು ಗೊತ್ತು?"

"ನಿನ್ನ ಕೈ ನೋಡ್ಕೊಳ್ಳೋದು ನಿನ್ನ ಕೆಲಸ."

ಕೆಲಸದವರೆಲ್ಲ ಒಳಗೊಳಗೇ ಕುದಿದರು. ಮುಖದ ಮೇಲೆ ಹೇಳುವ ಎದೆಗಾರಿಕೆ ಒಬ್ಬರಿಗೂ ಇರಲಿಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬಂತೆ ಸಿಟ್ಟೆಲ್ಲ ಯಂತ್ರದ ಮೇಲೆ ತಿರುಗಿತು. ದಾರಿ ತೋರಿಸಿದವನು ತಮ್ಮನೇ.

"ಅವನು ಹೇಳಿದಷ್ಟೇ ಮಾಡಿ. ಹಗ್ಗ ಸಿಕ್ಕುಬಿದ್ದು ಗುಡ್ಡೆಯಾದ್ರೂ ಗಂಟೆ ಹೊಡೆಯೋವರೆಗೆ ಹಿಡಿ ಮುಟ್ಬೇಡಿ. ಅನುಭವಿಸ್ಲಿ!"

ತಿಂಗಳಿಡೀ ಹಗ್ಗ ಹಾಳಾಯಿತು. ಎಲ್ಲರಿಗೂ ಅದೇ ಹಬ್ಬ. ಅಕ್ಕ ಮಾತ್ರ ನಗಲಿಲ್ಲ.

"ಲೋ, ಹಟ ಮಾಡೋ ಕೈಗೆ ಹಿಡಿ ಕೊಡ್ಬಾರ್ದು ಕಣೋ. ಒಳಗೆ ಕೈಯಿಡೋಳು ನಾನು."

"ನಿಂಗೆ ಅರ್ಧ ತಾಸು ಇರುತ್ತಲ್ಲಕ್ಕ. ಹೆದರುಪುಕ್ಕಲಿ!"

ಒಂದು ಮಧ್ಯಾಹ್ನ ಹೊರಗಿನಿಂದ ವ್ಯಾಪಾರಿಗಳು ಬಂದರು. ಓಡುವ ಯಂತ್ರ ತೋರಿಸುವ ಆತುರ ಮ್ಯಾನೇಜರನಿಗೆ. ನಿಲ್ಲಿಸಿ ಹತ್ತು ನಿಮಿಷವೂ ಆಗಿರಲಿಲ್ಲ, ಗಂಟೆ ಹೊಡೆಸಿದ. ಅಕ್ಕನ ಬಲಗೈ ಮೊಣಕೈವರೆಗೆ ಒಳಗಿತ್ತು. ಕತ್ತು ತಿರುಗಿಸಿದ್ದರೆ ತಮ್ಮನಿಗೆ ಕಾಣುತ್ತಿತ್ತು. ಅವನು ಮ್ಯಾನೇಜರನ ಮುಖವನ್ನೇ ನೋಡುತ್ತಾ, "ತಗೋ, ನಿನ್ನ ಗಂಟೆ," ಎಂದು ಹಲ್ಲು ಕಿರಿದು ಹಿಡಿ ಎಳೆದ.

ಅಕ್ಕ ಕಿರುಚಿದಳು. ತಿಂಗಳ ಹಟ ಪಳಗಿಸಿದ್ದ ತಮ್ಮನ ಕೈ ಹಿಡಿಯ ಮೇಲೆಯೇ ನಿಂತು, ನಿಲ್ಲಿಸುವ ಗಂಟೆಗೆ ಒಂದು ಗಳಿಗೆ ಕಾಯಿತು. ಆ ಗಳಿಗೆಯಲ್ಲಿ ಅಕ್ಕನ ಕೈ ಹೋಯಿತು.

"ಇವಳಿಗೆ ಮೊದಲಿಂದ್ಲೂ ಗಂಟೆ ಕಂಡ್ರಾಗ್ತಿರ್ಲಿಲ್ಲ," ಎಂದ ಮ್ಯಾನೇಜರ್, ವ್ಯಾಪಾರಿಗಳಿಗೆ. ಕೆಂಪಾದ ಎರಡು ಮಾರು ಹಗ್ಗ ಕತ್ತರಿಸಿ ಎಸೆದರು. ಉಳಿದದ್ದು ಮಾರಾಟವಾಯಿತು.

ಆಸ್ಪತ್ರೆಯಿಂದ ಮನೆಗೆ ಬಂದ ಅಕ್ಕನನ್ನು ನೋಡಲು ತಮ್ಮ ಹೋದಾಗ, ಅವಳು ಹೊಸ್ತಿಲಲ್ಲಿ ಕೂತು, ಕೆಂಪು ಬಟ್ಟೆಯ ಒಂದು ತುದಿ ಹಲ್ಲಲ್ಲಿ ಕಚ್ಚಿ, ಎಡಗೈಯಲ್ಲಿ ಕೂದಲು ಕಟ್ಟಿಕೊಳ್ಳುತ್ತಿದ್ದಳು. ಗಂಟು ಮೂರು ಸಲ ಜಾರಿತು.

"ಕೊಡಕ್ಕ, ನಾನು ಕಟ್ತೀನಿ," ಎಂದು ಅವನು ಕೈ ಚಾಚಿದ.

ಅವಳು ಬಟ್ಟೆಯನ್ನು ಬಾಯಿಂದ ಬಿಟ್ಟಳು.

"ಮುಟ್ಬೇಡ. ನಿನ್ನ ಕೈ ಆಡೋಕೆ ಗಂಟೆ ಬೇಕಲ್ವೇನೋ, ನನ್ನ ಮನೇಲಿ ಗಂಟೆ ಇಲ್ಲ."