ಚೀಲದೊಳಗೆ ಬಾದಾಮಿಯ ಗುಡ್ಡ

ಕೆಂಗೇರಿಯ ನಮ್ಮ ಕಾಲೇಜಿನಲ್ಲಿ ಭೂವಿಜ್ಞಾನದ ಪಾಠಕ್ಕೆ ತೋರಿಸಲೆಂದು ಬಾದಾಮಿಯ ಕಲ್ಲೊಂದನ್ನು ಒಯ್ಯುತ್ತಿದ್ದೆ. ಹೊಸಹಳ್ಳಿ ಮೆಟ್ರೊದಲ್ಲಿ ಬ್ಯಾಗು ಸ್ಕ್ಯಾನ್ ಮಾಡುತ್ತಿದ್ದ ಸೆಕ್ಯೂರಿಟಿಯಾಕೆ ನನ್ನನ್ನು ತಡೆದರು.

"ಮೇಡಂ, ಒಳಗೇನೈತ್ರೀ?"

ತೆಗೆದು ತೋರಿಸಿದೆ. ಕೆಂಪು ಮರಳುಗಲ್ಲು, ಅದರ ತುಂಬ ಹುದುಗಿಕೊಂಡ ನುಣುಪಾದ ಬಿಳಿ ಹರಳುಗಳು.

ಆಕೆ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡರು. "ಇದು ನಮ್ಮ ಬಾದಾಮಿ ಗುಡ್ಡದ್ದಲ್ರೀ? ಸಣ್ಣಾಕಿದ್ದಾಗ ಈ ಹರಳು ಕೀಳಾಕ ನೋಡ್ತಿದ್ದೆ. ಒಂದೂ ಬರ್ತಿರ್ಲಿಲ್ಲ."

"ಹೊಳೆ ಎಲ್ಲಿಂದಲೋ ಹೊತ್ತು ತಂದ ಹರಳು ಅವು. ಮರಳಿನ ಜೊತೆ ಸೇರಿ ಒಂದೇ ಕಲ್ಲಾಗಿಬಿಟ್ಟಿವೆ. ಅದಕ್ಕೇ ಬಿಡಲ್ಲ," ಎಂದೆ.

"ಎಲ್ಲಿಂದಲೋ ಬಂದ್ರೂ ಅಲ್ಲೇ ಹತ್ಕೊಂಡಾವ. ನಮಗ ಈ ಊರು ಇನ್ನೂ ಹತ್ತವಲ್ದು ನೋಡ್ರೀ," ಎನ್ನುತ್ತ ಕಲ್ಲನ್ನು ಮೂಸಿ ನೋಡಿದರು.

ನನಗೆ ತಡೆಯಲಾಗಲಿಲ್ಲ. "ನೀವೇ ಇಟ್ಕೊಳ್ಳಿ, ನಾನು ಇನ್ನೊಂದು ತರ್ತೀನಿ."

"ಬ್ಯಾಡ್ರೀ. ಕಲ್ಲು ತರಬ್ಯಾಡ್ರಿ ಅಂತ ಜನಕ್ಕ ಹೇಳಾಕಿ ನಾನ. ನಾನ ಇಟ್ಕೊಂಡ್ರ ಹೆಂಗ?" ಎಂದು ನಕ್ಕು, ಅದನ್ನು ಮೆಲ್ಲಗೆ ಚೀಲದಲ್ಲಿಟ್ಟರು.

ಆಮೇಲೆ ಚೀಲವನ್ನು ಇನ್ನೊಮ್ಮೆ ಯಂತ್ರದೊಳಗೆ ಕಳಿಸಿದರು. ರೂಲ್ಸು ಅಂದರು. ಸಾಲಿನಲ್ಲಿ ಹಿಂದಿದ್ದವರು ಗೊಣಗುತ್ತಿದ್ದರೂ ಬೆಲ್ಟು ನಿಲ್ಲಿಸಿ, ಪರದೆಯ ಮೇಲಿನ ಆ ಕಲ್ಲನ್ನು ಅಷ್ಟು ಹೊತ್ತು ನೋಡಬೇಕೆಂದು ಯಾವ ರೂಲ್ಸಿನಲ್ಲಿದೆಯೋ ನನಗೆ ಗೊತ್ತಿಲ್ಲ.