ಗೂಬೆ ತೋರಿಸಿದ ಗಾಳಿ

ನೆರೆಯ ಗೇಲನ್ ಬೆಳಿಗ್ಗೆ ಬರುವಾಗ ತಿಂಡಿ ತರಲಿಲ್ಲ, ಕಾಫಿ ತರಲಿಲ್ಲ. ಖಾಲಿ ಬಂದೂಕಿನ ಪೆಟ್ಟಿಗೆ ತಂದಿದ್ದ. ಒಳಗೆ ಸ್ಪಂಜು ಹಾಸಿದ, ಉದ್ದನೆಯ, ಹೊಚ್ಚ ಹೊಸ ಪೆಟ್ಟಿಗೆ. ಅದನ್ನು ಎಮೆಟ್‌ನ ಅಡುಗೆಮನೆಯ ಗೋಡೆಗೆ ಒರಗಿಸಿ, ಕುರ್ಚಿ ಎಳೆದುಕೊಂಡು ಕೂತ.

"ಇದೇನೋ ಇದು?" ಅಂದೆ.

"ಸಂಜೆ ಮನೆಗೆ ತಗೊಂಡು ಹೋಗೋವಾಗ ಅವನ ಬಂದೂಕಿಗೆ ಗೀರು ಬೀಳಬಾರ್ದಲ್ಲ ಹಾರ್ಲನ್."

ನನಗೆ ನೆತ್ತಿಗೇರಿತು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ಕೊಂಡು ಬಂದಿದೀಯಲ್ಲೋ! ಆ ಪೆಟ್ಟಿಗೇಲಿ ನಿನ್ನನ್ನೇ ಮಲಗಿಸಿ ಕಳಿಸ್ತೀನಿ ನೋಡು."

"ನೀನು ಕೂಗಾಡ್ಬೇಡ. ಮಾತು ಕೊಟ್ಟವನು ಅವನು, ನೀನಲ್ಲ."

ಅದು ನಿಜವೇ. ಮಾತು ಕೊಟ್ಟವನು ಎಮೆಟ್ ಸ್ಕೋಗನ್. ಅವನು ಒಲೆಯ ಹತ್ತಿರ ನಿಂತು ಎಡಗೈಯಲ್ಲಿ ಮೊಟ್ಟೆ ಒಡೆಯುತ್ತಿದ್ದ. ಅವನು ಬಾಯಿ ಬಿಡುವುದೇ ಕಡಿಮೆ. ಇಬ್ಬರ ಪಾಲಿನದನ್ನೂ ನಾನೇ ಮಾತಾಡುತ್ತೇನೆ ಅಂತ ಅವನ ಹೆಂಡತಿ ಆರ್ಡಿಸ್ ಹೇಳುವುದುಂಟು.

ಮಿಸೌರಿ ಹೊಳೆಯಿಂದ ಪಶ್ಚಿಮಕ್ಕೆ ಡಕೋಟಾದ ನಮ್ಮ ಕಡೆ ಎಮೆಟ್‌ನನ್ನು ಕಾಣದ ದನದ ಸಾಕಣೆಯವನಿಲ್ಲ. ನೀರೆತ್ತುವ ಗಾಳಿಯಂತ್ರಗಳನ್ನು ರಿಪೇರಿ ಮಾಡುವವನು. ಚಳಿಗಾಲದಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಕಿತ್ತು ಬರುವ ಹೊತ್ತಿನಲ್ಲೂ ಗೋಪುರ ಹತ್ತಿ, ಹಲ್ಲಿನಲ್ಲಿ ಬೋಲ್ಟು ಕಚ್ಚಿಕೊಂಡು, ಯಾರದೋ ದನಗಳಿಗೆ ನೀರು ಬರಿಸಿ ಇಳಿಯುತ್ತಿದ್ದ. ಕೂಲಿ ಕೇಳಲು ನಾಚಿಕೆ. ಗುಂಡು ಹೊಡೆಯುವುದರಲ್ಲಿ ಮಾತ್ರ ನಾಚಿಕೆಯೇ ಇಲ್ಲ. ಅವನ ವಾರ್ಮಿಂಟ್ ಬಂದೂಕು ಅವನ ಕೈಯಿಂದಲೇ ಆದದ್ದು. ಪ್ರೇರಿ ನಾಯಿ ಅನ್ನುವ ಬಿಲದ ಪೀಡೆಗಳಿಗೆಂದೇ ಕೂರಿಸಿದ ದಪ್ಪ ನಳಿಗೆ, ಅಪ್ಪ ನೆಟ್ಟ ವಾಲ್‌ನಟ್ ಮರ ಸಿಡಿಲಿಗೆ ಬಿದ್ದಾಗ ಅದರಲ್ಲಿ ಕೆತ್ತಿದ ಹಿಡಿ. ಗೇಲನ್ ಆ ಬಂದೂಕಿನ ಮೇಲೆ ಕಣ್ಣಿಟ್ಟು ವರ್ಷಗಳೇ ಆಗಿದ್ದವು.

ಹೋದ ಶರತ್ಕಾಲದಲ್ಲಿ ಬೇಲಿಯ ತಂತಿ ಬಿಗಿಯುವಾಗ ಅದು ತುಂಡಾಗಿ ಚಾವಟಿಯ ಹಾಗೆ ಬಂದು ಎಮೆಟ್‌ನ ಬಲಗಣ್ಣಿಗೆ ಬಾರಿಸಿತು. ಕಣ್ಣು ಉಳಿಯಿತು, ನೋಟ ಹೋಯಿತು. ಬಲಗಣ್ಣು ಅಂದರೆ ಬಂದೂಕಿನ ದುರ್ಬೀನಿಗೆ ಹಚ್ಚುವ ಕಣ್ಣು!

ಅಯ್ಯೋ ಅನ್ನಲಿಲ್ಲ ಅವನು. ಚಳಿಗಾಲವಿಡೀ ಎಲ್ಲವನ್ನೂ ಎಡಕ್ಕೆ ತಿರುಗಿಸಿಕೊಂಡ. ಸುತ್ತಿಗೆ ಎಡಗೈಗೆ, ಚಮಚ ಎಡಗೈಗೆ. ಸೂಪು ಅಂಗಿಯ ಮೇಲೆ ಚೆಲ್ಲಿ ಆರ್ಡಿಸ್ ಕೈಲಿ ಬೈಸಿಕೊಂಡ. ಕೊಟ್ಟಿಗೆಯ ಒಂದು ತುದಿಯಲ್ಲಿ ಮೇವಿನ ಚೀಲದ ಮೇಲೆ ಇದ್ದಿಲಲ್ಲಿ ಪ್ರೇರಿ ನಾಯಿಯ ಚಿತ್ರ ಬರೆದು, ಇನ್ನೊಂದು ತುದಿಯಲ್ಲಿ ಕೂತು, ತೋಟಾ ಇಲ್ಲದ ಬಂದೂಕಿನ ಕುದುರೆಯನ್ನು ಎಡಬೆರಳಲ್ಲಿ ಒತ್ತಿ ಒತ್ತಿ ಅಭ್ಯಾಸ ಮಾಡಿದ. ಕೊಟ್ಟಿಗೆಯೊಳಗೆ ದಿನವೂ ಟಿಕ್, ಟಿಕ್. ಹಸುಗಳಿಗೂ ಬೇಸರವಾಗಿರಬೇಕು.

ಅಷ್ಟರಲ್ಲಿ ಒಂದು ದಿನ ಪೆಟ್ರೋಲ್ ಬಂಕಿನ ಕಾಫಿ ಮೇಜಿನ ಮುಂದೆ ಗೇಲನ್, "ಚಮಚ ಬಾಯಿಗೆ ಹೋಗಲ್ಲ, ಇನ್ನು ಗುಂಡು ನಾಯಿಗೆ ಹೋಗತ್ತಾ? ಬಂದೂಕು ನಂಗೆ ಕೊಡು ಮಾರಾಯ, ತುಕ್ಕು ಹಿಡಿಸ್ಬೇಡ" ಅಂದ. ಎಲ್ಲರೂ ನಕ್ಕರು. ಎಮೆಟ್ ಬಟ್ಟಲು ಕೆಳಗಿಟ್ಟು ಹೇಳಿದ: "ಜೂನ್ ಮೊದಲನೇ ಶನಿವಾರ. ಬೆಳಕಿರೋದ್ರೊಳಗೆ ಕೊರಕಲಿನ ಆಚೆ ಕಡೆ ಒಂದೇ ಒಂದು ನಾಯಿ ಬೀಳಿಸ್ತೀನಿ. ಬೀಳದಿದ್ರೆ ಬಂದೂಕು ನಿಂದು."

ಕೊರಕಲಿನ ಆಚೆ ಅಂದರೆ ಐನೂರು ಗಜಕ್ಕೂ ದೂರ. ಎರಡು ಕಣ್ಣಿದ್ದ ಕಾಲದಲ್ಲೂ ಅದು ಹುಡುಗಾಟವಲ್ಲ.

ಆ ಶನಿವಾರ ಬಂದೇ ಬಂದಿತ್ತು.

ಮೊಟ್ಟೆ ತಿಂದು, ಪಿಕಪ್ಪಿಗೆ ಅವನ ತಿರುಗು ಮೇಜನ್ನು ಕಟ್ಟಿಕೊಂಡು ಹೊರಟೆವು. ಹಳೇ ಗಾಳಿಯಂತ್ರದ ತಲೆಯ ಬೇರಿಂಗನ್ನು ಪುಟ್ಟ ಗಾಡಿಯ ಮೇಲೆ ಕೂರಿಸಿ, ಅದರ ಮೇಲೆ ಮೇಜು, ಮೇಜಿಗೆ ಅಂಟಿದ ಪೀಠ. ಬೆರಳಲ್ಲಿ ತಳ್ಳಿದರೆ ಬಂದೂಕು, ಮನುಷ್ಯ, ಎಲ್ಲ ಬುಗುರಿಯ ಹಾಗೆ ತಿರುಗುತ್ತದೆ. ಈ ಸಲ ಪೀಠವನ್ನು ಕಿತ್ತು ಎಡಗೈಗೆ ಹೊಂದುವ ಹಾಗೆ ಮತ್ತೆ ಬೆಸುಗೆ ಹಾಕಿದ್ದ.

ಗುಡ್ಡದ ಅಂಚಿನಲ್ಲಿ ಮೇಜು ನಿಲ್ಲಿಸಿದೆವು. ಕೆಳಗೆ ನಾಯಿಗಳ ಊರು. ಹೆಸರು ಪ್ರೇರಿ ನಾಯಿ, ನಾವು ಬರೀ ನಾಯಿ ಅನ್ನುತ್ತೇವೆ. ನಾಯಿಯಲ್ಲ, ಮೋಟು ಬಾಲದ ದಪ್ಪ ಅಳಿಲು. ಬೊಗಳಿದ ಹಾಗೆ ಕೂಗುತ್ತದೆ ಅಷ್ಟೆ. ನೋಡಲು ಮುದ್ದಾಗಿದೆ ಅಂತ ಪೇಟೆಯವರು ಅನ್ನಲಿ. ದನಕ್ಕೆ ಬೇಕಾದ ಹುಲ್ಲನ್ನು ಬುಡದವರೆಗೆ ಬೋಳಿಸಿ, ಹುಲ್ಲುಗಾವಲನ್ನು ಜರಡಿ ಮಾಡಿಡುತ್ತದೆ. ಅದರ ಬಿಲದಲ್ಲಿ ಕಾಲು ಸಿಕ್ಕಿ ಮುರಿದ ಹೆಣ್ಣುಕುದುರೆಗೆ ಎಮೆಟ್ ತಾನೇ ಗುಂಡು ಹೊಡೆಯಬೇಕಾಗಿ ಬಂದಿತ್ತು. ಅದಾದ ಮೇಲೆ ಅವನ ಮುಂದೆ ಯಾರೂ ಮುದ್ದು ಗಿದ್ದು ಅನ್ನುವುದಿಲ್ಲ.

ಬೆಳಗಿನ ಹೊತ್ತು ಈಚೆ ಕಡೆಯ ದಿಬ್ಬಗಳ ಮೇಲೆ ಕೈ ಪಳಗಿಸಿದ. ನಾನು ಮೂರುಕಾಲಿನ ದುರ್ಬೀನಿಗೆ ಕಣ್ಣಿಟ್ಟು ಗಾಳಿ ಹೇಳುವವನು. ಎಷ್ಟೋ ವರ್ಷದಿಂದ ಅದೇ ನನ್ನ ಕೆಲಸ. ಗಾಳಿ ಗುಂಡನ್ನು ಎಷ್ಟು ಒಯ್ಯುತ್ತದೋ ಅಷ್ಟು, ನಾಯಿಯ ಅಗಲದ ಲೆಕ್ಕದಲ್ಲಿ, ಗುರಿಯನ್ನು ಎದುರು ದಿಕ್ಕಿಗೆ ಸರಿಸಬೇಕು. "ಅರ್ಧ ನಾಯಿ ಎಡಕ್ಕೆ," ಅನ್ನುತ್ತೇನೆ, ಢಮ್! ನಾಯಿ ಉರುಳುತ್ತದೆ. "ಎಡಗಣ್ಣಲ್ಲೇ ಬಿತ್ತಲ್ಲೋ!" ಅಂತ ನಾನು ಕುಣಿದೆ. ಎಡಕ್ಕೆ ತಿರುಗಿದ, ಢಮ್. ಬಲಕ್ಕೆ ತಿರುಗಿದ, ಢಮ್. ನಳಿಗೆ ಕಾದಾಗ ಅಂಗೈಯಿಟ್ಟು ನೋಡುವುದು, ಆರಲು ಬಿಡುವುದು, ಸೂರ್ಯಕಾಂತಿ ಬೀಜ ಜಗಿದು ಉಗಿಯುವುದು, ಮತ್ತೆ ಶುರು. ನನ್ನ ಎದೆ ಹುಡುಗನ ಹಾಗೆ ಹೊಡೆದುಕೊಳ್ಳುತ್ತಿತ್ತು.

ಗೇಲನ್ ಪಿಕಪ್ಪಿನ ಹಿಂಬಾಗಿಲ ಮೇಲೆ ಕಾಲಾಡಿಸುತ್ತ ಕೂತು, "ಈ ಹತ್ತಿರದವನ್ನ ನಮ್ಮಜ್ಜಿ ಬಾಣಲೆ ಎಸೆದು ಹೊಡೀತಿದ್ಲು. ಆಚೆ ಕಡೆ ನೋಡಪ್ಪ" ಅಂದ.

ಊಟದ ಹೊತ್ತಿಗೆ ಆರ್ಡಿಸ್ ದನದ ಮಾಂಸದ ಸ್ಯಾಂಡ್‌ವಿಚ್, ದೊಡ್ಡ ತಟ್ಟೆಯ ತುಂಬ ರೂಬಾರ್ಬ್ ಕೂಕೆನ್ ಮಾಡಿಕೊಂಡು ಬಂದಳು. ಹುಳಿದಂಟು ಹಾಕಿ ಬೇಯಿಸುವ, ಅವಳ ಅಜ್ಜಿಯ ಕಾಲದ ಜರ್ಮನ್ ಸಿಹಿ ಅದು. ತಿಂದೆವು. ಎಮೆಟ್ ಬಾಯಿ ಒರೆಸಿಕೊಂಡು ಮೇಜನ್ನು ಕೊರಕಲಿನ ಕಡೆಗೆ ತಿರುಗಿಸಿದ.

ಅಲ್ಲಿಂದ ಶುರುವಾಯಿತು ಶನಿ.

ಮೊದಲ ಗುಂಡು ತಪ್ಪಿತು. ಎರಡನೆಯದೂ ತಪ್ಪಿತು. ತಪ್ಪಿದರೆ ಪರವಾಗಿಲ್ಲ, ಗುಂಡು ಬಿದ್ದಲ್ಲಿ ಮಣ್ಣು ಹಾರುತ್ತದೆ, ನೋಡಿ ತಿದ್ದಿಕೊಳ್ಳಬಹುದು. ಆದರೆ ರಾತ್ರಿ ಮಳೆ ಬಂದು ನಮ್ಮ ಅಂಟುಮಣ್ಣು ಹಿಟ್ಟು ಕಲಸಿದ ಹಾಗಾಗಿತ್ತು. ಧೂಳಿನ ಚಿಟಿಕೆಯೂ ಏಳಲಿಲ್ಲ. ಬಿಸಿಲಿದ್ದರೆ ನೆಲದ ಝಳ ಎತ್ತ ಹರಿಯುತ್ತದೆ ಅಂತ ನೋಡಬಹುದಿತ್ತು, ಮೋಡ. ಆಚೆ ಕಡೆ ಹುಲ್ಲು ಬಾಗಿದ್ದು ನೋಡೋಣ ಅಂದರೆ ಹುಲ್ಲೆಲ್ಲಿ, ನಾಯಿಗಳು ನೆತ್ತಿ ಬೋಳಿಸಿಟ್ಟಿವೆ. ನಮ್ಮ ಕಾಲಬುಡದ ಹುಲ್ಲು ಮಾತ್ರ ಬಲಕ್ಕೆ ಬಾಗಿತ್ತು.

"ಎರಡು ನಾಯಿ ಎಡಕ್ಕೆ!" ಅಂದೆ. ಢಮ್. ಇಲ್ಲ.

"ಮೂರು ನಾಯಿ ಎಡಕ್ಕೆ!" ಢಮ್. ಇಲ್ಲ. ನಾಯಿ ಅಲುಗಲೂ ಇಲ್ಲ, ನಮ್ಮ ಕಡೆ ನೋಡಿ ಬೊಗಳಿತು.

"ಬೈತಿದೆ ಕಣೋ ಅದು ನಿಮ್ಮಿಬ್ಬರನ್ನೂ," ಅಂದ ಗೇಲನ್.

ನಾನು ಟೋಪಿ ನೆಲಕ್ಕೆ ಬಡಿದೆ. "ಕುದುರೆ ಎಳೀತಿದೀಯ ನೀನು! ಮೆಲ್ಲಗೆ ಒತ್ತೋ ಅಂದ್ರೆ ಹಸುವಿನ ಕೆಚ್ಚಲು ಹಿಂಡಿದ ಹಾಗೆ ಎಳೀತೀಯ!"

"ಎಳೀತಿಲ್ಲ," ಅಂದ ಎಮೆಟ್.

"ಹಂಗಾದ್ರೆ ಆ ಕಣ್ಣು..." ಅಂದವನು ನಾಲಿಗೆ ಕಚ್ಚಿಕೊಂಡೆ. ಆರ್ಡಿಸ್ ನನ್ನ ಕಡೆ ನೋಡಿದ ನೋಟಕ್ಕೆ ಹಾಲು ಒಡೆಯಬೇಕು. ಎಮೆಟ್ ಒಳ್ಳೆಯ ಕಣ್ಣನ್ನು ಅಂಗಿಯ ತೋಳಲ್ಲಿ ಒರೆಸಿಕೊಂಡು, ಹಿಡಿಯ ಮೇಲಿನ ಮರದ ಗೆರೆಗಳನ್ನು ಹೆಬ್ಬೆರಳಲ್ಲಿ ಸವರಿದ. ಬೀಳ್ಕೊಡುವ ಹಾಗೆ ಸವರಿದ.

ಮಧ್ಯಾಹ್ನ ಹೀಗೇ ಹೋಯಿತು. ಬೆಳಕು ಮಂಕಾಗತೊಡಗಿತು. ನಾಯಿಗಳು ಒಂದೊಂದೇ ಬಿಲ ಸೇರಿದವು. ಆಚೆ ಕಡೆ ಬರೀ ಬೋಳು ದಿಬ್ಬಗಳು. ಗೇಲನ್ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದಿಟ್ಟ. ಸ್ಪಂಜು ಬಾಯಿ ಬಿಟ್ಟುಕೊಂಡು ಕೂತಿತು.

ಅಷ್ಟರಲ್ಲಿ ಒಂದು ದಿಬ್ಬದ ತುದಿಯಲ್ಲಿ ಕಂದು ಬಣ್ಣದ್ದೊಂದು ನೆಟ್ಟಗೆ ನಿಂತಿತು. ನನಗೆ ಮೈಯೆಲ್ಲ ಜುಮ್ಮೆಂದಿತು. "ಅಗೋ! ದೊಡ್ಡ ದಿಬ್ಬ! ನಿಂತಿದೆ ನೋಡು, ಕಂಬದ ಹಾಗೆ! ಹೊಡಿ!"

ಎಮೆಟ್ ಮೇಜು ತಿರುಗಿಸಿದ. ಕೆನ್ನೆ ಹಿಡಿಗೆ ಒರಗಿತು. ಉಸಿರು ಹಿಡಿದ. ಹೊಡೆಯಲಿಲ್ಲ.

"ಹೊಡಿಯೋ!"

ಇಲ್ಲ.

"ಏನು ಕಾಯ್ತಿದೀಯ, ಅದು ಬಂದು ಕಾಫಿ ಕುಡಿದು ಹೋಗ್ಲಿ ಅಂತಲಾ? ಬಂದೂಕು ಹೋಗತ್ತೆ ಕಣೋ, ಹೊಡಿ!"

ಗೇಲನ್ ಕೂಡ ಎದ್ದು ಬಂದಿದ್ದ. "ಹೊಡಿ ಎಮೆಟ್. ಕಷ್ಟದ್ದೇನಲ್ಲ ಅದು," ಅಂದ.

ಎಮೆಟ್ ಕುದುರೆಯಿಂದ ಬೆರಳು ತೆಗೆದ. "ನಮಸ್ಕಾರ ಮಾಡ್ತು ಅದು," ಅಂದ.

"ಏನು?"

"ಬಗ್ಗಿ ಎದ್ದಿತು. ನಾಯಿ ಬಗ್ಗಲ್ಲ. ಗೂಬೆ ಅದು."

ದುರ್ಬೀನಿಗೆ ಮತ್ತೆ ಕಣ್ಣಿಟ್ಟೆ. ಉದ್ದ ಕಾಲು! ಕೋಲಿನಂಥ ಕಾಲ ಮೇಲೆ ನಿಂತು ಒಮ್ಮೆ ಕುಗ್ಗಿ ಒಮ್ಮೆ ಎದ್ದಿತು. ನಾಯಿ ಬಿಟ್ಟ ಬಿಲದಲ್ಲಿ ಸಂಸಾರ ಹೂಡುವ ಬಿಲಗೂಬೆ. ಅದಕ್ಕೆ ಗುಂಡು ಹಾರಿಸಿದರೆ ಕಾನೂನು ಬಿಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾಯಿಗೂ ಗೂಬೆಗೂ ವ್ಯತ್ಯಾಸ ಕಾಣದವನು ಅಂತ ಆ ಕಾಫಿ ಮೇಜಿನಲ್ಲಿ ಸಾಯುವ ತನಕ ಕೇಳಿಸಿಕೊಳ್ಳಬೇಕು. ಎರಡು ಕಣ್ಣಿನ ನನಗೆ ಕಾಣಲಿಲ್ಲ, ಒಂದು ಕಣ್ಣಿನವನಿಗೆ ಕಂಡಿತು. ನಾನು ಬಾಯಿ ಮುಚ್ಚಿದೆ. ಅಪರೂಪಕ್ಕೆ.

ಗೂಬೆ ರೆಕ್ಕೆ ಬಿಚ್ಚಿ ಮೇಲೆದ್ದಿತು. ಯಾರೋ ಕೈಯಿಂದ ತಳ್ಳಿದ ಹಾಗೆ ಸರ್ರನೆ ಎಡಕ್ಕೆ ಜಾರಿತು.

"ಹಾರ್ಲನ್," ಅಂದ ಎಮೆಟ್. ಅವನ ದನಿ ಬದಲಾಗಿತ್ತು. "ಅದು ಹಾರಿ ಹೋಯ್ತೋ, ತಳ್ಳಿಸ್ಕೊಂಡು ಹೋಯ್ತೋ?"

ನಾನು ಕಾಲಬುಡದ ಹುಲ್ಲು ನೋಡಿದೆ. ಬಲಕ್ಕೆ. ಗೂಬೆಯನ್ನು ನೋಡಿದೆ. ಇನ್ನೂ ಎಡಕ್ಕೇ ತೇಲುತ್ತಿತ್ತು. ಗುಡ್ಡ ಬಳಸಿ ಬಂದ ಗಾಳಿ ಕೊರಕಲಿನೊಳಗೆ ತಿರುಗಿ, ಉಲ್ಟಾ ಬೀಸುತ್ತಿತ್ತು! ಮಧ್ಯಾಹ್ನವಿಡೀ ನಾನು ಎಡಕ್ಕೆ ಎಡಕ್ಕೆ ಅಂತ ಅರಚಿದ್ದೇ ಅರಚಿದ್ದು. ಗಾಳಿಯೂ ಎಡಕ್ಕೇ ಒಯ್ಯುತ್ತಿತ್ತು. ಅವನ ಗುಂಡುಗಳು ಪಕ್ಕದ ಜಿಲ್ಲೆಗೆ ಹೋಗಿ ಬಿದ್ದಿರಬೇಕು. ತಪ್ಪಿದ ಗುಂಡುಗಳ ಗೂಬೆಯನ್ನು ಅವನ ಕಣ್ಣಿನ ಮೇಲೆ ಕೂರಿಸಿದ್ದೆವು. ಕೂರಬೇಕಾದದ್ದು ನನ್ನ ತಲೆಯ ಮೇಲೆ!

"ಬಲಕ್ಕೆ! ಎರಡು ನಾಯಿ ಬಲಕ್ಕೆ ಎಮೆಟ್, ಬಲಕ್ಕೆ!"

"ಈಗ ನಾಯೀನೇ ಇಲ್ವಲ್ಲೋ," ಅಂದ ಗೇಲನ್.

ಇತ್ತು. ಗೂಬೆ ಹೋದ ದಿಬ್ಬದ ಆಚೆ ಒಂದು ತಲೆ ಇಣುಕಿತು. ಹೊರಬಂತು. ಅಪಾಯ ಕಳೆಯಿತು ಅಂತ ಊರಿಗೆಲ್ಲ ಸಾರುವ ಹಾಗೆ ಹಿಂಗಾಲ ಮೇಲೆ ನಿಂತು, ಮೈ ಹಿಂದಕ್ಕೆ ಎಸೆದು, ಕೀಚ್ ಅಂತ ಕೂಗಿತು. ಆರ್ಡಿಸ್ ನನ್ನ ಭುಜ ಹಿಡಿದಿದ್ದಳು, ಉಗುರು ಚುಚ್ಚುತ್ತಿತ್ತು.

ಢಮ್!

ಗುಂಡು ಅಷ್ಟು ದೂರ ಹೋಗುವುದಕ್ಕೆ ರೆಪ್ಪೆ ಬಡಿಯುವಷ್ಟು ಹೊತ್ತು ಹಿಡಿಯುತ್ತದೆ. ಆವತ್ತು ಅದರೊಳಗೆ ಒಂದು ಚಳಿಗಾಲವೇ ಕಳೆದ ಹಾಗಾಯಿತು.

"ಬಿತ್ತು! ಬಿತ್ತು! ಉರುಳಿ ಬಿತ್ತು!"

ಕೂಗಿದ್ದು ನಾನಲ್ಲ. ಗೇಲನ್! ಕೈದುರ್ಬೀನು ಕಣ್ಣಿಗೆ ಹಚ್ಚಿಕೊಂಡು ನಮಗಿಂತ ಮೊದಲು ನೋಡಿ, ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ. ಎರಡು ಕುಣಿತ ಕುಣಿದ ಮೇಲೆ ನೆನಪಾಯಿತು, ನಾಯಿಯ ಜೊತೆ ಕೈತಪ್ಪಿದ್ದು ತನಗೆ ಬರಬೇಕಿದ್ದ ಬಂದೂಕು ಅಂತ. ಕೈ ಗಾಳಿಯಲ್ಲೇ ನಿಂತಿತು.

ನಾನು ಎಮೆಟ್‌ನನ್ನು ಪೀಠದಿಂದಲೇ ಎತ್ತಿಬಿಟ್ಟೆ. ತಿರುಗು ಮೇಜು ನಮ್ಮಿಬ್ಬರನ್ನೂ ಗಿರ್ರನೆ ತಿರುಗಿಸಿ ಕೆಸರಿಗೆ ಕೆಡವಿತು. ಬಿದ್ದಲ್ಲೇ ಅವನು ನಗುತ್ತಿದ್ದ, ಎರಡೂ ಕಣ್ಣಲ್ಲಿ ನೀರು. ಕಾಣದ ಕಣ್ಣಿನಲ್ಲೂ.

"ಎಳೀಲಿಲ್ಲ ಅಂದಿದ್ನಲ್ಲ," ಅಂದ.

"ಬಾಯ್ಮುಚ್ಚು!" ಅಂದೆ.

ಗೇಲನ್ ಪೆಟ್ಟಿಗೆ ಮುಚ್ಚಲು ಬಗ್ಗಿದಾಗ ಆರ್ಡಿಸ್ ತಡೆದಳು. ನಮ್ಮ ಕಡೆ ನೆರೆಮನೆಯ ಪಾತ್ರೆಯನ್ನು ಖಾಲಿ ವಾಪಸ್ಸು ಕಳಿಸುವ ಪದ್ಧತಿಯಿಲ್ಲ. ಉಳಿದ ಕೂಕೆನ್ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ, ಬಂದೂಕು ಮಲಗಬೇಕಿದ್ದ ಸ್ಪಂಜಿನ ನಡುವೆ ಇಟ್ಟು, ಚಿಲಕ ಹಾಕಿ ಕೊಟ್ಟಳು.

"ಗೀರು ಬೀಳದ ಹಾಗೆ ತಗೊಂಡು ಹೋಗು ಗೇಲನ್," ಅಂದಳು.